ದೊಡ್ಡಕ್ಕನ ಹೆರಿಗೆ

ನೋವು ಬಂತೆಂದು ಆಸ್ಪತ್ರೆಗೆ ಓಡಿಬರುವ ಬಸುರಿಯರಲ್ಲಿ ಅರ್ಧದಷ್ಟು ಜನ ಹೊತ್ತಿಗೆ ಮುಂಚೆಯೇ ಬಂದುಬಿಡುತ್ತಾರೆ. ಅವರನ್ನು ಬೇರ್ಪಡಿಸುವುದಕ್ಕೆ ದೊಡ್ಡಕ್ಕ ತನ್ನದೇ ಒಂದು ಉಪಾಯ ಇಟ್ಟುಕೊಂಡಿದ್ದಳು. ನೋವು ಏರುತ್ತಿರುವಾಗ ಎದುರಿಗೆ ನಿಂತು, "ಎಲ್ಲಿ, ನಿಮ್ಮ ಮನೆ ವಿಳಾಸ ಹೇಳಿ" ಎನ್ನುವಳು. ಮನೆ ನಂಬರು, ಮಹಡಿ, ರಸ್ತೆ ಎಲ್ಲವನ್ನೂ ತಡವರಿಸದೆ ಒಪ್ಪಿಸಿದವಳಿಗೆ ಇನ್ನೂ ಸಮಯವಿದೆ ಎಂದೇ ಅರ್ಥ; ಆಕೆ ಮತ್ತೆ ವರಾಂಡದಲ್ಲಿ ನಡೆಯಬೇಕು. ರಸ್ತೆಯ ಹೆಸರು ಬರುವಷ್ಟರಲ್ಲಿ ಮಾತು ತುಂಡಾದರೆ ಒಳಗೆ ಹೆರಿಗೆಯ ಮೇಜು ಸಿಗುತ್ತಿತ್ತು. ಹದಿನಾಲ್ಕು ವರ್ಷಗಳಲ್ಲಿ ಈ ಪರೀಕ್ಷೆ ಎರಡೋ ಮೂರೋ ಸಲ ತಪ್ಪಿರಬಹುದು. ದೊಡ್ಡಕ್ಕ ಆ ಎರಡು ಮೂರನ್ನು ನೆನಪಿನಲ್ಲಿ ಇಟ್ಟುಕೊಳ್ಳುವವಳಲ್ಲ.

ಅವಳು ಆ ಆಸ್ಪತ್ರೆಯ ಹೆರಿಗೆ ಕೋಣೆಯ ಮುಖ್ಯ ನರ್ಸು. ಎದುರಿಗೆ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಪೊಲೀಸಕ್ಕ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡರಿಂದಲೂ ಅವಳಿಗೆ ಬೇಸರವಿರಲಿಲ್ಲ. ಮೂರು ಮೇಜು, ಒಂದು ತೂಕದ ತಕ್ಕಡಿ, ಕೆಂಪು ಸೆಕೆಂಡು ಮುಳ್ಳಿನ ಗೋಡೆ ಗಡಿಯಾರ, ಹಸಿರು ಪರದೆ: ಇಷ್ಟೇ ಅವಳ ರಾಜ್ಯ. ಆ ರಾಜ್ಯದಲ್ಲಿ ಅವಳು ಕೂತದ್ದನ್ನು ಯಾರೂ ನೋಡಿರಲಿಲ್ಲ. ಮೇಜಿನ ಬುಡದಲ್ಲಿ ನಿಂತು, ಕೈಗಡಿಯಾರದ ಮೇಲೆ ಒಂದು ಕಣ್ಣಿಟ್ಟು, ಪಕ್ಕದ ವಾರ್ಡಿಗೂ ಕೇಳುವ ದನಿಯಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ಸಾವಿರಕ್ಕೂ ಮೇಲ್ಪಟ್ಟ ಮಕ್ಕಳು ಆ ದನಿ ಕೇಳಿ ಹೊರಗೆ ಬಂದಿದ್ದವು.

ಎರಡು ವರ್ಷದ ಹಿಂದೆ ಒಬ್ಬ ಹೊಸ ನರ್ಸು ಬಂದಳು. ಇಪ್ಪತ್ತೈದರ ಹುಡುಗಿ, ಸಣಕಲು ಮೈ, ಮಾತು ಕಡಿಮೆ. ಬಂದ ವಾರಕ್ಕೇ ಎಲ್ಲಿಂದಲೋ ಒಂದು ಸ್ಟೂಲು ಎಳೆದು ತಂದು ಬಸುರಿಯ ಪಕ್ಕದಲ್ಲಿ ಹಾಕಿಕೊಂಡು ಕೂತಳು. ನೋವು ಬಂದಾಗ ಆಕೆಯ ಸೊಂಟದ ಹಿಂದೆ ಅಂಗೈ ಒತ್ತಿ ಹಿಡಿಯುತ್ತಿದ್ದಳು, ಅಷ್ಟೆ. ವಿಳಾಸ ಕೇಳುತ್ತಿರಲಿಲ್ಲ, ಗದರುತ್ತಿರಲಿಲ್ಲ. ಆದರೂ ಕೂಗುತ್ತಿದ್ದವರು ಕೂಗು ನಿಲ್ಲಿಸುತ್ತಿದ್ದರು. ಕೋಣೆ ಗುಡಿಸಿ ಒರೆಸುವ ಆಯಾ ಅವಳಿಗೆ ಬೆಣ್ಣೆಕೈ ಎಂದು ಹೆಸರಿಟ್ಟಳು, ಹೆಸರು ನಿಂತುಬಿಟ್ಟಿತು.

"ಕೂತು ಕೆಲಸ ಮಾಡೋಳು ನರ್ಸೂ ಅಲ್ಲ, ಏನೂ ಅಲ್ಲ" ಎಂದು ದೊಡ್ಡಕ್ಕ ಒಮ್ಮೆ ಆಯಾಳ ಮುಂದೆ ಅಂದಳು.

ಆಯಾ ಒರೆಸುವ ಬಟ್ಟೆ ಹಿಂಡುತ್ತ, "ಕೂತ್ರೂ ಮಕ್ಕಳು ಹುಟ್ತಾ ಇವೆಯಲ್ಲ ದೊಡ್ಡಕ್ಕ, ನಿಂತಿರೋರನ್ನ ಕಾಯ್ತಾ ಇಲ್ಲ" ಎಂದಳು. ಆಯಾಳ ನಾಲಿಗೆಗೆ ಅಂಕೆ ಹಾಕುವವರು ಆ ಆಸ್ಪತ್ರೆಯಲ್ಲಿ ಇರಲಿಲ್ಲ.

ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಹತ್ತಿದ್ದಲ್ಲ. ಮೊದಲು, ಬಾಗಿಲಲ್ಲಿ ನಿಂತು "ಬೆಣ್ಣೆಕೈ ಸಿಸ್ಟರ್ ಇದ್ದಾರಾ?" ಎಂದು ಕೇಳಿದ ಬಸುರಿ. ದೊಡ್ಡಕ್ಕ ಇದ್ದೂ ಆಕೆ ಹಾಗೆ ಕೇಳಿದ್ದಳು. ಆಮೇಲೆ ಎರಡು ಹೆಣ್ಣುಮಕ್ಕಳಿಗೆ ಆ ಹುಡುಗಿಯ ಹೆಸರನ್ನೇ ಇಟ್ಟ ಸುದ್ದಿ ಬಂತು. ಸಾವಿರ ಮಕ್ಕಳಲ್ಲಿ ಒಂದಕ್ಕೂ ತನ್ನ ಹೆಸರಿಲ್ಲವೆಂಬುದು ದೊಡ್ಡಕ್ಕನಿಗೆ ಹೊಳೆದದ್ದೇ ಆವತ್ತು. ಹೊಳೆದ ಮೇಲೆ ಅದನ್ನು ತಲೆಯಿಂದ ತೆಗೆಯಲಾಗಲಿಲ್ಲ. ಕೈ ತೊಳೆಯುವಾಗ, ಕತ್ತರಿಗಳನ್ನು ಕುದಿಯಲಿಡುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಅದು ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿತ್ತು.

ಹೀಗಿರುವಾಗ, ಮದುವೆಯಾಗಿ ಏಳು ವರ್ಷದ ಮೇಲೆ, ಮೂವತ್ತೆಂಟನೆಯ ವಯಸ್ಸಿನಲ್ಲಿ ದೊಡ್ಡಕ್ಕನೇ ಬಸುರಿಯಾದಳು. ಇನ್ನಾಗುವುದಿಲ್ಲ ಎಂದು ಇಬ್ಬರೂ ಒಳಗೊಳಗೇ ತೀರ್ಮಾನ ಮಾಡಿಕೊಂಡಾಗಿತ್ತು. ಒಂಬತ್ತು ತಿಂಗಳು ತುಂಬುತ್ತ ಬಂದಾಗ ಡಾಕ್ಟರಮ್ಮ ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು.

"ನೀವು ಆರು ತಿಂಗಳು ರಜೆ. ಹೆರಿಗೆ ಕೋಣೆ ಯಾರ ಕೈಗೆ ಕೊಡಲಿ ಸಿಸ್ಟರ್? ನಿಮ್ಮ ಹುಡುಗಿಗೆ ಕೊಡೋಣ ಅಂತಿದ್ದೀನಿ. ನೀವು ಹೇಳಿದ ಹಾಗೆ."

"ಕೈ ಇದೆ ಡಾಕ್ಟರ್, ತಲೆ ಇಲ್ಲ" ಎಂದಳು ದೊಡ್ಡಕ್ಕ. "ಎಲ್ಲ ಸರಿಯಾಗಿದ್ರೆ ಸರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಗಾಬರಿ ಬೀಳ್ತಾಳೆ. ಒಬ್ಬಳನ್ನೇ ಬಿಡೋ ಹಾಗಿಲ್ಲ."

ಇದು ಸುಳ್ಳು. ಆ ಹುಡುಗಿ ಗಾಬರಿ ಬಿದ್ದದ್ದನ್ನು ದೊಡ್ಡಕ್ಕ ಒಂದು ದಿನವೂ ನೋಡಿರಲಿಲ್ಲ. ಡಾಕ್ಟರಮ್ಮ ಮರುಮಾತಾಡದೆ ತಲೆಯಾಡಿಸಿದರು. ಮಕ್ಕಳ ವಾರ್ಡಿನಿಂದ ಬೇರೊಬ್ಬಳನ್ನು ತರುವುದು, ಬೆಣ್ಣೆಕೈಯನ್ನು ಮುಂದಿನ ಸೋಮವಾರದಿಂದ ಚುಚ್ಚುಮದ್ದಿನ ಕೋಣೆಗೆ ಹಾಕುವುದು ಎಂದಾಯಿತು. ಆ ಪಟ್ಟಿಯನ್ನೂ ದೊಡ್ಡಕ್ಕನೇ ಬರೆದಳು. ತನ್ನ ದಿನ ತುಂಬುವುದು ಆ ಸೋಮವಾರವಾದ ನಾಲ್ಕನೆಯ ದಿನಕ್ಕೆ. ಅಷ್ಟರಲ್ಲಿ ಹುಡುಗಿ ಆ ಬಾಗಿಲಿನಿಂದ ಆಚೆ ಇರುತ್ತಾಳೆ, ತನ್ನ ಮಗು ಆ ಕೈಗೆ ಬೀಳುವುದಿಲ್ಲ ಎಂಬುದು ಅವಳ ಹಂಚಿಕೆ.

ಮಗು ಪಟ್ಟಿ ನೋಡಿಕೊಂಡು ಬರಲಿಲ್ಲ. ಆರು ದಿನ ಮೊದಲೇ, ಶನಿವಾರ ಬೆಳಿಗ್ಗೆ ಆರಕ್ಕೆ, ದೊಡ್ಡಕ್ಕ ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಳ್ಳುವಾಗ ನೋವು ಶುರುವಾಯಿತು. ಗೋಡೆ ಹಿಡಿದು ನಿಂತು ಅವಳು ತನ್ನನ್ನೇ ಪರೀಕ್ಷೆಗೆ ಒಡ್ಡಿದಳು: ಹದಿನೇಳನೇ ನಂಬರು, ಮೂರನೇ ಮಹಡಿ, ನೀರಿನ ಟ್ಯಾಂಕಿನ ರಸ್ತೆ. ಒಂದಕ್ಷರ ಹೆಚ್ಚುಕಡಿಮೆ ಆಗಲಿಲ್ಲ. ಇನ್ನೂ ಹೊತ್ತಿದೆ ಎಂದು ಬಟ್ಟೆ ಒಗೆಯಲು ಕೂತಳು.

ಗಂಡ ಹಲ್ಲಿನ ಸೆಟ್ಟು ಮಾಡುವವನು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ದಿನವಿಡೀ ಯಾರದೋ ದವಡೆಯ ಅಚ್ಚು ಮುಂದಿಟ್ಟುಕೊಂಡು ಉಜ್ಜುತ್ತಿದ್ದ. ಬೇರೆಯವರ ಬಾಯಿ ತುಂಬಿಸಿ ತುಂಬಿಸಿ ತನ್ನ ಬಾಯಿ ಖಾಲಿ ಮಾಡಿಕೊಂಡಿದ್ದಾನೆ ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವನು ಅದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಅವನು ಬಚ್ಚಲ ಬಾಗಿಲಿಗೆ ಬಂದು ನಿಂತ. ಹೆಂಡತಿಯ ಹಣೆಯಿಂದ ಬೆವರು ಇಳಿದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಹೋಗೋಣ್ವಾ?"

"ಎಲ್ಲಿಗೆ?"

"ಆಸ್ಪತ್ರೆಗೆ."

"ನಾನು ಆಸ್ಪತ್ರೆಯಿಂದ ಬಂದೋಳು ಕಣ್ರೀ, ನನಗೆ ದಾರಿ ತೋರಿಸ್ಬೇಡಿ. ಇನ್ನೂ ಮಧ್ಯಾಹ್ನ ಆಗುತ್ತೆ. ವಿಳಾಸ ಸಲೀಸಾಗಿ ಬರ್ತಾ ಇದೆ."

"ಸೀರೆ ಕಚ್ಚಿಕೊಂಡಿದ್ದೀಯಲ್ಲ."

"ಹಲ್ಲಿನ ವಿಷಯ ಮಾತ್ರ ನಿಮ್ಮ ಕಣ್ಣಿಗೆ ಬೀಳೋದು."

ತಪ್ಪು ಎಲ್ಲಾಯಿತೆಂದರೆ, ಆ ಪರೀಕ್ಷೆ ಬೇರೆ ಹೆಂಗಸರಿಗೆ ಸರಿಹೋಗುವಂಥದ್ದು. ಹದಿನಾಲ್ಕು ವರ್ಷ ನೋವಿನ ನಡುವೆ ನಿಂತು ಮಾತಾಡಿದವಳ ನಾಲಿಗೆ ಆ ಕಸುಬಿಗೆ ಪಳಗಿಬಿಟ್ಟಿತ್ತು. ಅವಳನ್ನು ಬಾವಿಗೆ ತಳ್ಳಿದ್ದರೂ ಬೀಳುತ್ತಲೇ ವಿಳಾಸ ಹೇಳುತ್ತಿದ್ದಳು. ಇದು ಅವಳಿಗೆ ಹೊಳೆಯಲಿಲ್ಲ. ಗಂಡನಿಗೆ ಹೊಳೆಯಿತೋ ಇಲ್ಲವೋ, ಅವನು ಕೆಳಗಿಳಿದು ಹೋಗಿ ಟ್ಯಾಕ್ಸಿ ತಂದ. ಏಳು ವರ್ಷದಲ್ಲಿ ಅವಳನ್ನು ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು.

ಟ್ಯಾಕ್ಸಿಯಲ್ಲಿ ಎರಡು ನೋವು ಒಂದರ ಬೆನ್ನಿಗೊಂದು ಬಂದವು. ದೊಡ್ಡಕ್ಕ ಕಣ್ಣು ಮುಚ್ಚಿ, ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು, "ಹದಿನೇಳನೇ ನಂಬರು, ನೀರಿನ ಟ್ಯಾಂಕಿನ ರಸ್ತೆ" ಎಂದಳು. ಡ್ರೈವರು ಗಾಡಿ ನಿಧಾನ ಮಾಡಿದ.

"ಅಲ್ಲಿಂದ ತಾನೇ ಅಮ್ಮ ಹತ್ತಿದ್ದು? ವಾಪಸ್ ತಿರುಗಿಸ್ಲಾ?"

"ಬೇಡ, ನಡೀರಿ" ಎಂದ ಗಂಡ. "ಅವಳು ಪರೀಕ್ಷೆ ಬರೀತಾ ಇದ್ದಾಳೆ."

ಆಗ ಅವಳಿಗೆ ತಾನು ಮಹಡಿಯನ್ನು ಬಿಟ್ಟದ್ದು ಗೊತ್ತಾಯಿತು. ಸೀಟನ್ನು ಇನ್ನಷ್ಟು ಬಿಗಿಹಿಡಿದಳು. ಅದು ನೋವಿಗಲ್ಲ. ಶನಿವಾರ ಬೆಳಗಿನ ಪಾಳಿ ಯಾರದ್ದೆಂದು ಅವಳಿಗೆ ಕಣ್ಣು ಮುಚ್ಚಿಯೂ ಕಾಣುತ್ತಿತ್ತು.

ಹೆರಿಗೆ ಕೋಣೆಯ ಬಾಗಿಲು ತೆರೆದದ್ದು ಆಯಾ. "ಅಯ್ಯೋ, ದೊಡ್ಡಕ್ಕ ರಜೆ ಹಾಕಿಯೂ ಡ್ಯೂಟಿಗೆ ಬಂದುಬಿಟ್ರು" ಎಂದು ಗಾಲಿಕುರ್ಚಿ ತಳ್ಳಿಕೊಂಡು ಓಡಿದಳು. ಒಳಗೆ ಬೆಣ್ಣೆಕೈ ಒಬ್ಬಳೇ ಇದ್ದಳು.

"ಡಾಕ್ಟರಮ್ಮ ಎಲ್ಲಿ?" ಎಂದಳು ದೊಡ್ಡಕ್ಕ, ಮೇಜು ಹತ್ತುವ ಮೊದಲೇ.

"ಆಪರೇಷನ್‌ನಲ್ಲಿದ್ದಾರೆ ಅಕ್ಕ. ಈಗಷ್ಟೇ ಒಳಗೆ ಹೋದ್ರು. ಇನ್ನೂ ಒಂದು ಗಂಟೆ ಆಗುತ್ತೆ."

"ಹಾಗಾದ್ರೆ ಕಾಯ್ತೀನಿ."

ಹುಡುಗಿ ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದಳು. ಮುಖದಲ್ಲಿ ಏನೂ ಕಾಣಿಸಲಿಲ್ಲ. "ಪೂರ್ತಿ ತೆರೆದಿದೆ ಅಕ್ಕ. ಕಾಯೋಕೆ ಆಗಲ್ಲ."

"ಸರಿಯಾಗಿ ನೋಡಿದ್ಯಾ?"

"ನೀವೇ ಕಲಿಸಿದ್ದು."

ದೊಡ್ಡಕ್ಕ ಚಾವಣಿ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯ ಚಾವಣಿಯನ್ನು ಅವಳು ನೋಡಿರಲೇ ಇಲ್ಲ. ಮೂಲೆಯಲ್ಲಿ ಸುಣ್ಣ ಎದ್ದಿತ್ತು, ಫ್ಯಾನಿನ ರೆಕ್ಕೆಗೆ ಧೂಳು ಮೆತ್ತಿತ್ತು. ಆಯಾಳಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಮುಂದಿನ ನೋವು ಬಂತು. ಸ್ಟೂಲು ಎಳೆದ ಸದ್ದಾಯಿತು, ಸೊಂಟದ ಹಿಂದೆ ಒಂದು ಅಂಗೈ ಬಂದು ಒತ್ತಿ ನಿಂತಿತು.

"ಕೈ ತೆಗಿ" ಎಂದಳು ದೊಡ್ಡಕ್ಕ.

ಹುಡುಗಿ ತೆಗೆದಳು. ಆ ನೋವನ್ನು ದೊಡ್ಡಕ್ಕ ಹಲ್ಲು ಕಚ್ಚಿ ಒಬ್ಬಳೇ ದಾಟಿದಳು. ಅದರ ಮುಂದಿನದು ಬಂದಾಗ ಗೋಡೆಯ ಕಡೆ ತಿರುಗಿಕೊಂಡು, "ಇಡು" ಎಂದಳು. ಕೈ ಮತ್ತೆ ಬಂತು. ಎಲ್ಲಿ ಬೇಕೋ ಸರಿಯಾಗಿ ಅಲ್ಲಿಗೇ ಬಂತು. ನೋವು ಹೋಗಲಿಲ್ಲ, ಆದರೆ ಹಿಡಿಯಲು ಒಂದು ಜಾಗ ಸಿಕ್ಕಂತಾಯಿತು. ಆ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಇವಳನ್ನು ಯಾಕೆ ಕೇಳುತ್ತಿದ್ದರೆಂದು ಈಗ ತನ್ನ ಮೂಳೆಗೇ ತಿಳಿದದ್ದು ಅವಳಿಗೆ ನೋವಿಗಿಂತ ಹೆಚ್ಚು ಉರಿಯಿತು. ತನ್ನ ಕೈಗೆ ಇದು ಬರುತ್ತಿರಲಿಲ್ಲ. ಕಲಿತರೂ ಬರುವಂಥದ್ದಲ್ಲ.

ಗಂಡನಿಗೆ ಮುಖಗವಸು ಕಟ್ಟಿಸಿ ಒಳಗೆ ಕರೆದಿದ್ದರು. ಅವನು ತಲೆದೆಸೆಯಲ್ಲಿ ನಿಂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಎರಡು ನೋವುಗಳ ನಡುವಿನ ಬಿಡುವಿನಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು, "ಭಾವ, ಕೂರ್ತೀರಾ? ಮುಖ ಬಿಳಿಚಿಕೊಂಡಿದೆ."

"ಬೇಡಮ್ಮ. ಒಂದು ಸ್ವಲ್ಪ ಹೆದರಿಕೆ."

"ರಕ್ತ ಕಂಡ್ರೆ ಆಗಲ್ವಾ?"

"ರಕ್ತಕ್ಕಲ್ಲ. ಇವಳು ಬದುಕ್ತಾಳೋ ಇಲ್ವೋ ಅಂತ. ಒಂಬತ್ತು ತಿಂಗಳಿಂದ ನಿದ್ದೆ ಇಲ್ಲ. ನಮ್ಮ ಅಮ್ಮ ಹೆರಿಗೆಯಲ್ಲೇ ಹೋದದ್ದು, ನಾನು ಹುಟ್ಟುವಾಗ."

ದೊಡ್ಡಕ್ಕ ಕಣ್ಣು ತೆರೆದಳು. ಅವನ ತಾಯಿ ಎಳವೆಯಲ್ಲೇ ತೀರಿಕೊಂಡರೆಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಹೇಗೆಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಒಂಬತ್ತು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿದವನು ಇದನ್ನು ಹತ್ತು ನಿಮಿಷದ ಹಿಂದೆ ಕಂಡ ಹುಡುಗಿಗೆ ಹೇಳಿದ್ದ.

"ನನಗ್ಯಾಕೆ ಹೇಳಲಿಲ್ಲ ನೀವು?"

"ನೀನು ಕೇಳಲಿಲ್ಲ" ಎಂದ ಅವನು, ತಪ್ಪೊಪ್ಪಿಕೊಳ್ಳುವವನ ಹಾಗೆ.

"ಅವಳು ಕೇಳಿದ್ಲಾ?"

"ಕೂರ್ತೀರಾ ಅಂತ ಕೇಳಿದ್ಲು."

"ಆಮೇಲೆ ಜಗಳ ಆಡಿ ಅಕ್ಕ" ಎಂದಳು ಹುಡುಗಿ. "ಈಗ ಮುಕ್ಕಿರಿ."

ಮುಕ್ಕಿದಳು. ಹೊಟ್ಟೆಕಿಚ್ಚಿನ ಬಲವೂ ಸೇರಿಕೊಂಡಿತ್ತೇನೋ, ಐದಾರು ನೋವಿನಲ್ಲಿ ತಲೆ ಹೊರಬಂತು. ಬಂದ ತಲೆ ಅಲ್ಲೇ ನಿಂತಿತು. ಆಮೆ ತಲೆಯನ್ನು ಒಳಕ್ಕೆ ಎಳೆದುಕೊಳ್ಳುವಂತೆ ಸ್ವಲ್ಪ ಹಿಂದೆಯೂ ಸರಿಯಿತು. ಆಯಾ ಉಸಿರು ಎಳೆದುಕೊಂಡದ್ದು ದೊಡ್ಡಕ್ಕನಿಗೆ ಕೇಳಿಸಿತು. ಕಾಣದಿದ್ದರೂ ಏನಾಗಿದೆಯೆಂದು ಅವಳಿಗೆ ಗೊತ್ತಾಯಿತು: ಮಗುವಿನ ಭುಜ ಮೂಳೆಯ ಹಿಂದೆ ಸಿಕ್ಕಿಕೊಂಡಿದೆ. ಹದಿನಾಲ್ಕು ವರ್ಷದಲ್ಲಿ ಅಂಥದ್ದನ್ನು ಅವಳು ಮೂರು ಸಲ ಕಂಡಿದ್ದಳು. ಒಂದು ಸಲ ಅವಳ ಕೈಯೇ ನಡುಗಿ, ಡಾಕ್ಟರಮ್ಮ ಓಡಿಬಂದು ಬಿಡಿಸಿದ್ದರು. ಅದನ್ನು ಡಾಕ್ಟರಮ್ಮ ಯಾರ ಮುಂದೆಯೂ ಎತ್ತಿರಲಿಲ್ಲ. ಎಷ್ಟು ನಿಮಿಷ ಸಿಗುತ್ತದೆಂದು ದೊಡ್ಡಕ್ಕನಿಗೆ ಗೊತ್ತಿತ್ತು. ಅವಳು ಗೋಡೆ ಗಡಿಯಾರದ ಕೆಂಪು ಮುಳ್ಳಿನ ಮೇಲೆ ಕಣ್ಣು ನೆಟ್ಟಳು.

"ಅಕ್ಕ, ಮುಕ್ಕೋದು ನಿಲ್ಲಿಸಿ" ಎಂದಳು ಹುಡುಗಿ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಆಯಾ, ಬೆಲ್ ಒತ್ತಿ ಈ ಕಾಲು ಹಿಡೀರಿ. ಭಾವ, ನೀವು ಆ ಕಾಲು. ಮೊಣಕಾಲು ಹೊಟ್ಟೆಗೆ ತಾಗೋ ಹಾಗೆ ಮಡಚಿ. ಇನ್ನೂ. ಇನ್ನೂ ಮೇಲೆ. ಹೆದರಬೇಡಿ, ಕಾಲು ಮುರಿಯಲ್ಲ."

ಹಲ್ಲಿನ ಸೆಟ್ಟು ಮಾಡುವವನ ಕೈ ಗಟ್ಟಿಯಾಗಿ ಹಿಡಿಯಿತು. ಮುಳ್ಳು ಇಪ್ಪತ್ತು ಸೆಕೆಂಡು ದಾಟಿತು. "ಆಯಾ, ಇಲ್ಲಿ, ಹೊಟ್ಟೆ ಕೆಳಗೆ, ಅಂಗೈ ಬುಡದಿಂದ ಪಕ್ಕಕ್ಕೆ ಒತ್ತಿ. ನಾನು ಹೇಳೋತನಕ ಬಿಡಬೇಡಿ." ನಲವತ್ತು. ದೊಡ್ಡಕ್ಕ ಕೊರಳೆತ್ತಿ ಹುಡುಗಿಯ ಕೈ ನೋಡಿದಳು. ನಡುಕವಿರಲಿಲ್ಲ. ಇರಲಿ ಎಂದು ಅವಳು ಒಂದು ಕ್ಷಣ ಬಯಸಿದಳು. ತನ್ನ ಮಗುವಿನ ತಲೆ ಆ ಕೈಗಳ ನಡುವೆ ಇರುವಾಗ ಹಾಗೆ ಬಯಸಿದಳು. ಆ ಕ್ಷಣವನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ.

"ಈಗ ಮುಕ್ಕಿ ಅಕ್ಕ. ಇರೋದೆಲ್ಲ ಹಾಕಿ."

ಎಪ್ಪತ್ತನೆಯ ಸೆಕೆಂಡಿಗೆ ಭುಜ ಜಾರಿತು, ಹಿಂದೆಯೇ ಮಗು ಪೂರ್ತಿ ಬಂತು. ನೀಲಿ ಬಣ್ಣ, ಜೋಲು ಕೈ. ಹುಡುಗಿ ಒಣಬಟ್ಟೆಯಿಂದ ಅದರ ಬೆನ್ನು ಉಜ್ಜಿದಳು, ಬಾಯಿ ಒರೆಸಿದಳು, ಮತ್ತೆ ಉಜ್ಜಿದಳು. ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ. ಆಮೇಲೆ ಮಗು ಕೆಮ್ಮಿತು, ಕೆಮ್ಮಿ ಕಿರುಚಿತು.

"ದನಿ ಯಾರದ್ದು ಅಂತ ಕೇಳ್ಬೇಕಾ?" ಎಂದಳು ಆಯಾ, ಕಣ್ಣು ಒರೆಸಿಕೊಳ್ಳುತ್ತ. "ಪೊಲೀಸಕ್ಕಂದೇ." ಹೆಸರು ಬಾಯಿ ತಪ್ಪಿ ಬಂದದ್ದು ಗೊತ್ತಾಗಿ ಬಕೆಟ್ಟು ಎತ್ತಿಕೊಂಡು ಹೊರಗೆ ನಡೆದಳು.

ಹೆಣ್ಣುಮಗು. ನಾಲ್ಕು ಕಿಲೋ ನೂರು ಗ್ರಾಂ. ಎರಡು ಕೈಯನ್ನೂ ಸಮನಾಗಿ ಆಡಿಸುತ್ತಿದೆ, ಮೂಳೆಗೆ ಪೆಟ್ಟಾಗಿಲ್ಲ ಎಂದು ಹುಡುಗಿ ಪರೀಕ್ಷಿಸಿ ಹೇಳಿದಳು. ಮಗುವನ್ನು ತಾಯಿಯ ಎದೆಯ ಮೇಲೆ ಇಟ್ಟರೆ ಕಿರುಚಾಟ ಜೋರಾಯಿತು. ಹೊಲಿಗೆ ಹಾಕುವ ಮುಂಚೆ ಬಟ್ಟೆ ಸರಿಪಡಿಸಲು ಹುಡುಗಿ ಎತ್ತಿಕೊಂಡರೆ ತೆಪ್ಪಗಾಯಿತು. ಗಂಡ ಒಂದು ಸಲ ಕೈಮುಗಿದ, ಎರಡು ಸಲ ಮುಗಿದ, ಮೂರನೆಯ ಸಲಕ್ಕೆ ದೊಡ್ಡಕ್ಕ ಅಂದಳು:

"ಸಾಕು ಕಣ್ರೀ. ಹೆತ್ತದ್ದು ನಾನು."

"ನಿನಗೂ" ಎಂದ ಅವನು, ಅವಳ ಕಡೆ ತಿರುಗಿ ಕೈಮುಗಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖಗವಸು ಪೂರ್ತಿ ಒದ್ದೆಯಾಗಿತ್ತು.

ಡಾಕ್ಟರಮ್ಮ ಆಪರೇಷನ್ನಿನ ಟೋಪಿಯಲ್ಲೇ ಬಂದರು. ಒಳಗೆ ಹೊಟ್ಟೆ ತೆರೆದಿಟ್ಟುಕೊಂಡಿದ್ದಾಗ ಬೆಲ್ ಕೇಳಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. "ಯಾಕೆ ಬೆಲ್ ಆಗಿದ್ದು?"

"ಭುಜ ಸಿಕ್ಕಿಕೊಂಡಿತ್ತು ಡಾಕ್ಟರ್. ಕಾಲು ಮಡಚಿ, ಮೇಲಿಂದ ಒತ್ತಿಸಿದೆ. ಒಂದು ನಿಮಿಷ ಹತ್ತು ಸೆಕೆಂಡು. ಮಗು ಚೆನ್ನಾಗಿದೆ" ಎಂದು ಹುಡುಗಿ ಒಂದೇ ಉಸಿರಿಗೆ ಮುಗಿಸಿದಳು. ಇದೇ ಕೆಲಸವನ್ನು ತಾನು ಮಾಡಿದ್ದರೆ ವಾರಗಟ್ಟಲೆ ವರ್ಣಿಸುತ್ತಿದ್ದೆ ಎಂದು ದೊಡ್ಡಕ್ಕನಿಗೆ ಅನಿಸಿತು. ಅದೂ ಉರಿಯಿತು.

ಡಾಕ್ಟರಮ್ಮ ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು. ಹುಡುಗಿಗೆ, "ಸೋಮವಾರ ಚುಚ್ಚುಮದ್ದಿನ ಕೋಣೆ ಅಲ್ವಾ ನಿಂಗೆ? ಎಂಟಕ್ಕೆ ಸರಿಯಾಗಿ ಹೋಗು" ಎಂದರು. ಹುಡುಗಿ "ಸರಿ ಡಾಕ್ಟರ್" ಎಂದು ತಟ್ಟೆ ಎತ್ತಿಕೊಂಡು ಹೊರಟಳು. ಮುಖ ಸ್ವಲ್ಪ ಸಣ್ಣದಾಗಿತ್ತು. ಯಾಕೆ ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

ದೊಡ್ಡಕ್ಕ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆರು ತಿಂಗಳಿಗೆ ತಾನು ಮರಳಿ ಬರುವಾಗ ಸ್ಟೂಲು ಇರುವುದಿಲ್ಲ, ಬಾಗಿಲಲ್ಲಿ ಬಂದು ನಿಂತವರು ಬೇರೆ ಹೆಸರು ಕೇಳುವುದಿಲ್ಲ. ಹುಡುಗಿ ದಿನಕ್ಕೆ ನೂರು ತೋಳಿಗೆ ಸೂಜಿ ಚುಚ್ಚಿಕೊಂಡು ಇರುತ್ತಾಳೆ. ಇದನ್ನೆಲ್ಲ ಅವಳು ನಿಧಾನವಾಗಿ, ಒಂದೊಂದಾಗಿ ಯೋಚಿಸಿದಳು. ರುಚಿಯಾಗಿಯೇ ಇತ್ತು. ಎದೆಯ ಮೇಲೆ ಮಗು ಎರಡೂ ಮುಷ್ಟಿ ಆಡಿಸುತ್ತಿತ್ತು.

"ಡಾಕ್ಟರ್" ಎಂದಳು. "ಅವಳು ಗಾಬರಿ ಬೀಳ್ತಾಳೆ ಅಂದಿದ್ನಲ್ಲ. ಬೀಳಲ್ಲ."

"ಇವತ್ತು ಗೊತ್ತಾಯ್ತಾ?"

ಹೌದು ಎಂದುಬಿಡಬಹುದಿತ್ತು. ಡಾಕ್ಟರಮ್ಮನೇ ದಾರಿ ಮಾಡಿಕೊಟ್ಟಿದ್ದರು.

"ಮೊದಲೇ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಹೇಳಿದ್ದು."

ಡಾಕ್ಟರಮ್ಮ ಟೋಪಿ ತೆಗೆದು ಕೈಯಲ್ಲಿ ಮುದುರಿಕೊಂಡರು. "ಹದಿನಾಲ್ಕು ವರ್ಷ ನಿಮ್ಮ ಮಾತು ನಿಜವಾ ಅಂತ ಎರಡನೇ ಸಲ ಕೇಳಿದವಳಲ್ಲ ನಾನು. ಇನ್ನು ಮೇಲೆ ಕೇಳಬೇಕಾಗುತ್ತೆ ಸಿಸ್ಟರ್."

"ಕೇಳಿ" ಎಂದಳು ದೊಡ್ಡಕ್ಕ.

"ಹೆರಿಗೆ ಕೋಣೆ ಅವಳಿಗೇ ಕೊಡ್ತೀನಿ. ನೀವು ವಾಪಸ್ ಬಂದ ಮೇಲೂ ಅವಳನ್ನ ಇಲ್ಲಿಂದ ಎಬ್ಬಿಸಲ್ಲ. ಇಬ್ಬರೂ ಇರಬೇಕಾಗುತ್ತೆ."

ದೊಡ್ಡಕ್ಕ ಮಗುವಿನ ಬಟ್ಟೆ ಸರಿಮಾಡಿದಳು. ಡಾಕ್ಟರಮ್ಮ ಹೊರಗೆ ಹೋದರು. ವರಾಂಡದಿಂದ ಅವರ ಗಟ್ಟಿ ದನಿ ಕೇಳಿತು, ಆಮೇಲೆ ಆಯಾಳ "ನಮ್ಮ ಬೆಣ್ಣೆಕೈ ಗೆದ್ದುಬಿಡ್ತು" ಎಂಬ ಕೂಗು, ಪಾತ್ರೆ ಬಿದ್ದ ಸದ್ದು, ನಗು. ಹುಡುಗಿ ನಗುವುದನ್ನು ದೊಡ್ಡಕ್ಕ ಕೇಳಿದ್ದು ಅದೇ ಮೊದಲು. ಒಳ್ಳೆಯ ನಗುವಾಗಿತ್ತು.

"ಏನಂತೆ ಅಲ್ಲಿ?" ಎಂದ ಗಂಡ. ಅವನು ಮಗುವಿನ ಒಸಡಿನ ಮೇಲೆ ಕಿರುಬೆರಳಾಡಿಸಿ ನೋಡುತ್ತಿದ್ದ.

"ಏನಿಲ್ಲ. ಬಾಗಿಲು ಹಾಕಿ."

"ಸೆಕೆ ಆಗಲ್ವಾ?"

"ಆಗಲಿ. ಹಾಕಿ."

ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದ.